ದಾನಪತ್ರದಲ್ಲಿ ಬರೆದಿಟ್ಟ ಕೊನೆಯ ದಿನ

2017ರ ಸೆಪ್ಟೆಂಬರ್ 6ರಂದು ಇರ್ಮಾ ಎಂಬ ಚಂಡಮಾರುತ ಕೆರಿಬಿಯನ್ ಸಮುದ್ರದ ಸೇಂಟ್ ಜಾನ್ ದ್ವೀಪದ ಮೇಲೆರಗಿತು. ಎರಡು ವಾರ ಕಳೆಯುವಷ್ಟರಲ್ಲಿ ಮರಿಯಾ ಎಂಬ ಇನ್ನೊಂದು ಚಂಡಮಾರುತ ಬಂದು, ಮೊದಲನೆಯದು ಉಳಿಸಿದ್ದನ್ನೂ ಕೆಡವಿತು. ಆ ದ್ವೀಪದ ವಾಯವ್ಯ ಅಂಚಿನಲ್ಲಿ ಏಳು ಕಡಲತೀರಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಕನೀಲ್ ಬೇ ಎಂಬ ರೆಸಾರ್ಟ್ ಅಂದು ಮುಚ್ಚಿತು. ಅರವತ್ತು ವರ್ಷಗಳ ಕಾಲ ಅಮೆರಿಕದ ಗಣ್ಯರೂ ಮಧುಚಂದ್ರಕ್ಕೆ ಬಂದ ದಂಪತಿಗಳೂ ಮತ್ತೆ ಮತ್ತೆ ಹುಡುಕಿಕೊಂಡು ಬರುತ್ತಿದ್ದ ತಾಣವದು. ಸುತ್ತಲಿನ ದ್ವೀಪಗಳ ಹೋಟೆಲುಗಳು ಒಂದೊಂದಾಗಿ ಎದ್ದುನಿಂತರೂ ಕನೀಲ್ ಬೇ ಮಾತ್ರ ಏಳಲಿಲ್ಲ.

ಗಾಳಿಯ ಹೊಡೆತವೊಂದೇ ಇದಕ್ಕೆ ಕಾರಣವಲ್ಲ. ಆ ರೆಸಾರ್ಟಿನ ಅಂತ್ಯದ ದಿನಾಂಕವನ್ನು 34 ವರ್ಷಗಳ ಹಿಂದೆಯೇ ಒಬ್ಬರು ಕಾಗದದ ಮೇಲೆ ಬರೆದಿಟ್ಟಿದ್ದರು. ಅದನ್ನು ಕಟ್ಟಿದವರೂ ಅವರೇ. ಲಾರೆನ್ಸ್ ರಾಕ್‌ಫೆಲ್ಲರ್ ಅವರ ಬದುಕನ್ನು ಅರಿಯದೆ ಆ ಪಾಳುಗೋಡೆಗಳ ಕಥೆ ಪೂರ್ಣವಾಗಿ ಅರ್ಥವಾಗದು.

ಲಾರೆನ್ಸ್ ಜನಿಸಿದ್ದು 1910ರ ಮೇ 26ರಂದು, ನ್ಯೂಯಾರ್ಕಿನಲ್ಲಿ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಕಟ್ಟಿ ಜಗತ್ತಿನ ಅತಿ ಶ್ರೀಮಂತನೆನಿಸಿದ ಜಾನ್ ಡಿ. ರಾಕ್‌ಫೆಲ್ಲರ್ ಅವರ ಅಜ್ಜ. ತಂದೆ ಕಿರಿಯ ಜಾನ್ ರಾಕ್‌ಫೆಲ್ಲರ್ ಅಜ್ಜನ ಸಂಪತ್ತನ್ನು ದಾನಧರ್ಮಗಳಿಗೆ ಹಂಚುವುದನ್ನೇ ವೃತ್ತಿಯಾಗಿಸಿಕೊಂಡವರು. ಒಬ್ಬ ಅಕ್ಕ, ಐವರು ಗಂಡುಮಕ್ಕಳ ಆ ಮನೆಯಲ್ಲಿ ಲಾರೆನ್ಸ್ ಅವರದು ನಡುವಿನ ಸ್ಥಾನ. ಅಣ್ಣ ನೆಲ್ಸನ್ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿ, ಮುಂದೆ ದೇಶದ ಉಪಾಧ್ಯಕ್ಷರೂ ಆದರು. ತಮ್ಮ ಡೇವಿಡ್ ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಮುಖ್ಯಸ್ಥರಾದರು. ಇವರಿಬ್ಬರ ನಡುವೆ ಲಾರೆನ್ಸ್ ಮಿತಭಾಷಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯ ತತ್ತ್ವಶಾಸ್ತ್ರ. 1932ರಲ್ಲಿ ಪದವಿ ಪಡೆದು ಹಾರ್ವರ್ಡ್‌ನಲ್ಲಿ ಕಾನೂನು ಓದಲು ಸೇರಿದರಾದರೂ ಅದನ್ನು ಪೂರ್ಣಗೊಳಿಸಲಿಲ್ಲ.

ಅವರಿಗೆ ದೊರೆತ ನಿಜವಾದ ಶಿಕ್ಷಣ ಬೇರೆಯದು. 1920ರ ದಶಕದಲ್ಲಿ ತಂದೆ ಮಕ್ಕಳನ್ನು ಪಶ್ಚಿಮ ಅಮೆರಿಕದ ಯೆಲ್ಲೋಸ್ಟೋನ್ ಮತ್ತು ಟೀಟನ್ ಪರ್ವತಗಳ ಸೀಮೆಗೆ ಕರೆದೊಯ್ದರು. ವಯೋಮಿಂಗ್ ರಾಜ್ಯದ ಜಾಕ್ಸನ್ ಹೋಲ್ ಕಣಿವೆಯ ಚೆಲುವಿಗೆ ಮನಸೋತ ಹಿರಿಯರು, ಅಗ್ಗದ ಅಂಗಡಿಗಳೂ ಜಾಹೀರಾತು ಫಲಕಗಳೂ ಅದನ್ನು ಕೆಡಿಸುವ ಮುನ್ನ ನೆಲವನ್ನೇ ಕೊಂಡುಬಿಡಲು ನಿಶ್ಚಯಿಸಿದರು. ರಾಕ್‌ಫೆಲ್ಲರ್ ಎಂಬ ಹೆಸರು ಕೇಳಿದರೆ ಬೆಲೆ ಏರುವುದೆಂದು ತಿಳಿದು, ಬೇರೆ ಹೆಸರಿನ ಕಂಪನಿಯೊಂದರ ಮೂಲಕ ಗುಟ್ಟಾಗಿ ಖರೀದಿ ನಡೆಸಿದರು. ಗುಟ್ಟು ರಟ್ಟಾದಾಗ ಸ್ಥಳೀಯರು ಕೆರಳಿದರು. 1949ರ ಹೊತ್ತಿಗೆ 30 ಸಾವಿರಕ್ಕೂ ಹೆಚ್ಚು ಎಕರೆ ಸರ್ಕಾರಕ್ಕೆ ದಾನವಾಗಿ ಸಂದು, ಮರುವರ್ಷ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನ ವಿಸ್ತಾರಗೊಂಡಿತು. ಕೊಂಡು, ಕಾಪಾಡಿ, ಕೊಟ್ಟುಬಿಡುವ ಈ ವಿದ್ಯೆಯನ್ನು ಮಗ ತಂದೆಯಿಂದ ಕಲಿತರು. 1934ರಲ್ಲಿ ಮೇರಿ ಫ್ರೆಂಚ್ ಅವರನ್ನು ವರಿಸಿದ ಲಾರೆನ್ಸ್ ಮಧುಚಂದ್ರಕ್ಕೆ ಹೋದದ್ದೂ ಅದೇ ಕಣಿವೆಯಲ್ಲಿದ್ದ ಕುಟುಂಬದ ಜೆವೈ ರಾಂಚ್‌ಗೆ. ಆ ರಾಂಚಿನ ಹೆಸರು ಈ ಕಥೆಯ ಕೊನೆಯಲ್ಲಿ ಮತ್ತೆ ಬರಲಿದೆ.

ತಂದೆಯಿಂದ ಅವರು ಬೇರೆಯಾದದ್ದು ಹಣದ ವಿಚಾರದಲ್ಲಿ. ಅಜ್ಜನಿಂದ ಬಂದ ನ್ಯೂಯಾರ್ಕ್ ಷೇರುಪೇಟೆಯ ಸದಸ್ಯತ್ವವನ್ನು ಬಳಸಿಕೊಂಡು ಅವರು ಹೊಸ ಉದ್ದಿಮೆಗಳಲ್ಲಿ ಬಂಡವಾಳ ಹೂಡಿದರು. 1938ರಲ್ಲಿ ಈಸ್ಟರ್ನ್ ಏರ್‌ಲೈನ್ಸ್, ಮರುವರ್ಷ ಮೆಕ್‌ಡೊನೆಲ್ ವಿಮಾನ ತಯಾರಿಕಾ ಕಂಪನಿ ಅವರ ನೆರವು ಪಡೆದವು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು. 1969ರಲ್ಲಿ ಅವರ ಬಳಗ ಸ್ಥಾಪಿಸಿದ ವೆನ್‌ರಾಕ್ ಸಂಸ್ಥೆ ಮುಂದೆ ಇಂಟೆಲ್ ಮತ್ತು ಆಪಲ್ ಕಂಪನಿಗಳ ಆರಂಭಿಕ ಹೂಡಿಕೆದಾರರಲ್ಲಿ ಒಂದಾಯಿತು. ಇಂದು ನಾವು ಸಾಹಸ ಬಂಡವಾಳವೆಂದು ಕರೆಯುವ ವ್ಯವಸ್ಥೆಗೆ ತಳಪಾಯ ಹಾಕಿದವರ ಸಾಲಿನಲ್ಲಿ ಲಾರೆನ್ಸ್ ಸೇರುತ್ತಾರೆ.

1952ರಲ್ಲಿ ಅವರು ಹಾಯಿದೋಣಿಯಲ್ಲಿ ವರ್ಜಿನ್ ದ್ವೀಪಗಳ ಕಡೆ ಬಂದರು. 1917ರಲ್ಲಿ ಅಮೆರಿಕ ಎರಡೂವರೆ ಕೋಟಿ ಡಾಲರ್ ಬೆಲೆಯ ಚಿನ್ನ ತೆತ್ತು ಡೆನ್ಮಾರ್ಕಿನಿಂದ ಕೊಂಡ ದ್ವೀಪಗಳಿವು. ಇವುಗಳಲ್ಲಿ ಸೇಂಟ್ ಜಾನ್ ಸುಮಾರು 50 ಚದರ ಕಿಲೋಮೀಟರಿನ ಪುಟ್ಟ ಗುಡ್ಡಗಾಡು. ಅಂದಿನ ಜನಸಂಖ್ಯೆ ಸಾವಿರವನ್ನೂ ಮುಟ್ಟಿರಲಿಲ್ಲ. ಹೊರಗಿನಿಂದ ಬಂದವರಿಗೆ ಅದು ಯಾರೂ ಮುಟ್ಟದ ಸ್ವರ್ಗದಂತೆ ಕಂಡಿತು. ವಾಸ್ತವದಲ್ಲಿ ಅದು ಬಳಸಿ ಬಿಟ್ಟ ನೆಲ. ಡೇನರ ಕಾಲದಲ್ಲಿ ಗುಡ್ಡಗಳ ಕಾಡು ಕಡಿದು ಕಬ್ಬು ಬೆಳೆಸಲಾಗಿತ್ತು. ಆಫ್ರಿಕದಿಂದ ಹಿಡಿದು ತಂದ ಗುಲಾಮರು 1733ರಲ್ಲಿ ಬಂಡೆದ್ದು ತಿಂಗಳುಗಟ್ಟಲೆ ದ್ವೀಪದ ಬಹುಭಾಗವನ್ನು ತಮ್ಮ ವಶದಲ್ಲಿಟ್ಟುಕೊಂಡಿದ್ದರು. ಆಗ ಪ್ರಾಣ ಉಳಿಸಿಕೊಂಡ ತೋಟದೊಡೆಯರು ಬಂದು ಸೇರಿದ್ದು ಇದೇ ಕನೀಲ್ ಬೇ ತೋಟದಲ್ಲಿ. 1848ರಲ್ಲಿ ಗುಲಾಮಗಿರಿ ರದ್ದಾಯಿತು, ಸಕ್ಕರೆ ಉದ್ಯಮ ಕುಸಿಯಿತು, ಕಾಡು ಮರಳಿ ಬೆಳೆಯಿತು. ಲಾರೆನ್ಸ್ ಕಂಡದ್ದು ಆ ಮರುಹುಟ್ಟಿನ ಹಸಿರನ್ನು.

ಅವರು ಕನೀಲ್ ಬೇಯನ್ನು ಕೊಂಡರು. ಬಳಿಕ ಕುಟುಂಬದ ಜಾಕ್ಸನ್ ಹೋಲ್ ಪ್ರಿಸರ್ವ್ ಎಂಬ ಲಾಭರಹಿತ ಸಂಸ್ಥೆಯ ಮೂಲಕ ದ್ವೀಪದ 5 ಸಾವಿರಕ್ಕೂ ಹೆಚ್ಚು ಎಕರೆ ಖರೀದಿಸಿ ಸರ್ಕಾರಕ್ಕೆ ಒಪ್ಪಿಸಿದರು. 1956ರ ಆಗಸ್ಟಿನಲ್ಲಿ ವರ್ಜಿನ್ ದ್ವೀಪಗಳ ರಾಷ್ಟ್ರೀಯ ಉದ್ಯಾನಕ್ಕೆ ಕಾನೂನಿನ ಮುದ್ರೆ ಬಿತ್ತು. ಡಿಸೆಂಬರ್ 1ರಂದು ಉದ್ಯಾನದ ಲೋಕಾರ್ಪಣೆ ನಡೆಯಿತು. ಅದರೊಂದಿಗೇ ಕನೀಲ್ ಬೇ ರೆಸಾರ್ಟ್ ಕೂಡ ಅತಿಥಿಗಳಿಗೆ ಬಾಗಿಲು ತೆರೆಯಿತು. ರಾಷ್ಟ್ರಕ್ಕೆ ಉದ್ಯಾನ, ಅದರ ನಡುವೆ ತಮ್ಮ ಹೋಟೆಲು. ದಾನ ಮತ್ತು ವ್ಯವಹಾರ ಒಂದೇ ವೇದಿಕೆಯಲ್ಲಿ ಕೈಕುಲುಕಿದ ಈ ಗಳಿಗೆಯನ್ನು ಲಾರೆನ್ಸ್ ಅವರ ಬದುಕಿನ ಸಾರವೆನ್ನಬಹುದು.

ಹೋಟೆಲಿನ ವಿನ್ಯಾಸದಲ್ಲೂ ಅವರ ಸ್ವಭಾವ ಎದ್ದು ಕಾಣುತ್ತಿತ್ತು. ತಗ್ಗಾದ ಕಟ್ಟಡಗಳು ಮರಗಳ ಮರೆಯಲ್ಲಿ ಅಡಗಿದ್ದವು. ಕೋಣೆಗಳಲ್ಲಿ ದೂರವಾಣಿ ಇರಲಿಲ್ಲ, ಟಿ.ವಿ. ಬರಲಿಲ್ಲ. ಹಳೆಯ ಸಕ್ಕರೆ ಆಲೆಯ ಅವಶೇಷಗಳನ್ನು ಕೆಡವದೆ ಉಳಿಸಿಕೊಳ್ಳಲಾಯಿತು. ಇದೇ ಸೂತ್ರದ ಮೇಲೆ 1958ರಲ್ಲಿ ಪೋರ್ಟೊರಿಕೊದ ಡೊರಾಡೊ ಬೀಚ್, 1964ರಲ್ಲಿ ವರ್ಜಿನ್ ಗೋರ್ಡಾ ದ್ವೀಪದ ಲಿಟಲ್ ಡಿಕ್ಸ್ ಬೇ, 1965ರಲ್ಲಿ ಹವಾಯಿಯ ಮೌನಾ ಕೇಯಾ ಹೋಟೆಲುಗಳು ತಲೆಯೆತ್ತಿದವು. ಪರಿಸರಸ್ನೇಹಿ ಪ್ರವಾಸೋದ್ಯಮ ಎಂಬ ಪದ ಬಳಕೆಗೆ ಬರುವ ಬಹಳ ಮುಂಚೆ ಅವರು ಅದರ ಮಾದರಿಯೊಂದನ್ನು ಕಟ್ಟಿದ್ದರು. ಅದು ಶ್ರೀಮಂತರಿಗಷ್ಟೇ ಎಟುಕುವ ಮಾದರಿಯಾಗಿತ್ತು ಎಂಬುದನ್ನೂ ಮರೆಯಬಾರದು.

ದ್ವೀಪದ ಜನ ಇದನ್ನೆಲ್ಲ ಮರುಮಾತಿಲ್ಲದೆ ಒಪ್ಪಲಿಲ್ಲ. ರೆಸಾರ್ಟ್ ಉದ್ಯೋಗ ಕೊಟ್ಟಿತು, ಉದ್ಯಾನ ಪ್ರವಾಸಿಗಳನ್ನು ತಂದಿತು. ಆದರೆ 1962ರಲ್ಲಿ ಉದ್ಯಾನದ ಗಡಿಯೊಳಗಿನ ಖಾಸಗಿ ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ನೀಡುವ ಮಸೂದೆ ಅಮೆರಿಕದ ಸಂಸತ್ತಿಗೆ ಬಂದಾಗ ದ್ವೀಪವಾಸಿಗಳು ಬಲವಾಗಿ ವಿರೋಧಿಸಿದರು. ಗುಲಾಮರ ವಂಶಜರಿಗೆ ತಲೆಮಾರುಗಳಿಂದ ಉಳಿದುಬಂದ ಒಂದೇ ಆಸ್ತಿ ಆ ಚೂರು ನೆಲ. ಕೊನೆಗೆ ಆ ಅಂಶವನ್ನು ಮಸೂದೆಯಿಂದ ಕೈಬಿಡಲಾಯಿತು. ಕೊಡುವವನ ಔದಾರ್ಯ ಎಷ್ಟೇ ದೊಡ್ಡದಿರಲಿ, ಆ ನೆಲದ ಮೇಲೆ ಬದುಕುವವರನ್ನು ಕೇಳದೆ ರೂಪಿಸಿದ ಯೋಜನೆ ಅಪೂರ್ಣವೇ.

ಆ ವೇಳೆಗೆ ಲಾರೆನ್ಸ್ ರಾಷ್ಟ್ರಮಟ್ಟದ ವ್ಯಕ್ತಿಯಾಗಿದ್ದರು. ಹೊರಾಂಗಣ ವಿಹಾರದ ಸಂಪನ್ಮೂಲಗಳನ್ನು ಪರಿಶೀಲಿಸಲು 1958ರಲ್ಲಿ ನೇಮಕವಾದ ಆಯೋಗಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಮುಖ್ಯಸ್ಥರನ್ನಾಗಿಸಿದರು. 1962ರ ಅದರ ವರದಿಯ ಫಲವಾಗಿ 1964ರಲ್ಲಿ ಭೂಮಿ ಮತ್ತು ಜಲ ಸಂರಕ್ಷಣಾ ನಿಧಿಯ ಕಾಯ್ದೆ ಬಂತು. ಮುಂದೆ ಆ ನಿಧಿಗೆ ಕಡಲಾಳದ ತೈಲ ಗುತ್ತಿಗೆಯ ಆದಾಯವೇ ಮುಖ್ಯ ಮೂಲವಾಯಿತು. ತೈಲದಿಂದ ಸಿರಿವಂತರಾದವರ ಮೊಮ್ಮಗನ ವರದಿಯಿಂದ ಹುಟ್ಟಿದ ನಿಧಿ ತೈಲದ ಹಣದಿಂದಲೇ ಕಾಡು ಕಾಯತೊಡಗಿತು. 1991ರಲ್ಲಿ ಅಮೆರಿಕದ ಸಂಸತ್ತು ಅವರಿಗೆ ಚಿನ್ನದ ಪದಕ ನೀಡಿತು. ಸಂರಕ್ಷಣಾ ಕಾರ್ಯಕ್ಕೆ ಆ ಗೌರವ ಸಂದದ್ದು ಅದೇ ಮೊದಲು.

ಇನ್ನು 1983ರ ದಾನಪತ್ರ. 73 ವರ್ಷದ ಲಾರೆನ್ಸ್ ಅವರ ಸಂಸ್ಥೆ ಕನೀಲ್ ಬೇಯ ನೆಲವನ್ನೂ ಸರ್ಕಾರಕ್ಕೆ ಬರೆದುಕೊಟ್ಟಿತು. ಆದರೆ ಹೋಟೆಲು ನಡೆಸುವ ಹಕ್ಕನ್ನು 40 ವರ್ಷ ತನ್ನಲ್ಲೇ ಉಳಿಸಿಕೊಂಡಿತು. 2023ರ ಸೆಪ್ಟೆಂಬರ್ 30ಕ್ಕೆ ಆ ಹಕ್ಕು ಕೊನೆಗೊಂಡು, ಎಲ್ಲವೂ ಉದ್ಯಾನದ ಭಾಗವಾಗಬೇಕು. ಅಲ್ಲಿನ ನಿಸರ್ಗ ಸೌಂದರ್ಯ ಸಾರ್ವಜನಿಕರ ಸಂತೋಷಕ್ಕಾಗಿ ಉಳಿಯಬೇಕು. ದಾನಪತ್ರದ ಆಶಯವಿದು. ಆ ದಿನ ಬಂದಾಗ ತಾವು ಬದುಕಿರುವುದಿಲ್ಲ ಎಂಬುದು ಅವರಿಗೆ ತಿಳಿದೇ ಇತ್ತು.

ಆಶಯ ಉದಾತ್ತವಾದದ್ದು. ಆದರೆ ಸರ್ಕಾರಿ ಕಡತಗಳಲ್ಲಿ ಗುತ್ತಿಗೆ ಪತ್ರಗಳನ್ನು ಓದುತ್ತಲೇ ಸೇವಾವಧಿ ಸವೆಸಿದ ನನ್ನಂಥವನಿಗೆ ಅದರೊಳಗಿನ ತೊಡಕು ಕೂಡಲೇ ಕಾಣುತ್ತದೆ. ಅವಧಿ ಮುಗಿಯುತ್ತ ಬಂದ ಗುತ್ತಿಗೆಯ ಜಮೀನಿಗೆ ಗೇಣಿದಾರ ಗೊಬ್ಬರ ಹಾಕುವುದಿಲ್ಲ. ಇದು ಅವನ ದುಷ್ಟತನವಲ್ಲ, ಲೆಕ್ಕಾಚಾರ. ಮೊದಲ 20 ವರ್ಷ ಹೋಟೆಲಿನ ಮೇಲೆ ಹೂಡಿದ ಹಣ ಮರಳಿ ಬರುತ್ತದೆ. ಕೊನೆಯ 10 ವರ್ಷಗಳಲ್ಲಿ ಹೂಡಿದ್ದು ಬರುವುದಿಲ್ಲ, ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ. ಲಾರೆನ್ಸ್ ತಮ್ಮ ಹೋಟೆಲ್ ಸಂಸ್ಥೆಯನ್ನು 1980ರ ದಶಕದಲ್ಲಿ ಮಾರಿದರು. ಬಳಿಕ ಕನೀಲ್ ಬೇಯ ಹಕ್ಕು ಕೈಯಿಂದ ಕೈಗೆ ದಾಟಿತು. ಹಕ್ಕು ದಾಟಿತೇ ಹೊರತು, ಅದರ ಹಿಂದಿದ್ದ ಮನಸ್ಸು ದಾಟಲಿಲ್ಲ.

ಈ ತೊಡಕನ್ನು ಯಾರೂ ಗಮನಿಸಲಿಲ್ಲವೆಂದಲ್ಲ. ಹಳೆಯ ಹಕ್ಕಿನ ಬದಲು 40 ವರ್ಷಗಳವರೆಗಿನ ಹೊಸ ಗುತ್ತಿಗೆ ನೀಡಲು ಅನುವಾಗುವಂತೆ 2010ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆಯನ್ನೇ ಮಾಡಿತು. ಮಾತುಕತೆ ಮುಗಿಯಲಿಲ್ಲ. ಏಳು ವರ್ಷ ಕಳೆದು ಚಂಡಮಾರುತ ಬಂದಾಗ ಉಳಿದಿದ್ದ ಅವಧಿ ಆರೇ ವರ್ಷ. ಅವಧಿ ವಿಸ್ತರಿಸದಿದ್ದರೆ ಪುನರ್ನಿರ್ಮಾಣ ಸಾಧ್ಯವಿಲ್ಲವೆಂಬುದು ನಿರ್ವಾಹಕರ ನಿಲುವಾಯಿತು. ದಾನಿಯ ಇಚ್ಛೆಯಂತೆ ನೆಲ ಜನರಿಗೆ ಮರಳಲಿ ಎಂದು ದ್ವೀಪದ ಅನೇಕರು ವಾದಿಸಿದರು. ಹಳೆಯ ರಾಸಾಯನಿಕಗಳು ಮಣ್ಣಿನಲ್ಲಿ ಉಳಿದಿರುವ ಸಂಗತಿಯೂ ಪರೀಕ್ಷೆಗಳಲ್ಲಿ ಹೊರಬಿತ್ತು. 2022ರಲ್ಲಿ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಈ ಆರು ವರ್ಷ ಮುರಿದ ಮಾಡುಗಳ ಮೇಲೆ ಬಳ್ಳಿ ಹಬ್ಬಿತು. ದ್ವೀಪದ ಅತಿದೊಡ್ಡ ಖಾಸಗಿ ಉದ್ಯೋಗದಾತ ಸಂಸ್ಥೆಯಾಗಿದ್ದ ರೆಸಾರ್ಟಿನ ನೌಕರರು ಬೇರೆಡೆ ಅನ್ನ ಹುಡುಕಿದರು. 2023ರ ಸೆಪ್ಟೆಂಬರ್ 30 ಬಂತು. ಹಕ್ಕಿನ ಅವಧಿ ಮುಗಿಯಿತು. ಸುಸ್ಥಿತಿಯ ಹೋಟೆಲನ್ನು ಪಡೆಯಬೇಕಿದ್ದ ರಾಷ್ಟ್ರೀಯ ಉದ್ಯಾನದ ಪಾಲಿಗೆ ದಕ್ಕಿದ್ದು ಪಾಳುಗೋಡೆ ಮತ್ತು ಶುದ್ಧೀಕರಣದ ಹೊಣೆ.

ಇದನ್ನು ಲಾರೆನ್ಸ್ ನೋಡಲಿಲ್ಲ. 2004ರ ಜುಲೈ 11ರಂದು, 94ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡರು. ಆದರೆ ಅದಕ್ಕೆ ಮೂರು ವರ್ಷ ಮೊದಲು ಅವರು ಮತ್ತೊಂದು ದಾನವನ್ನು ಘೋಷಿಸಿದ್ದರು. ಮಧುಚಂದ್ರದ ದಿನಗಳನ್ನು ಕಳೆದ ಜೆವೈ ರಾಂಚಿನಲ್ಲಿ ಕುಟುಂಬದ ಬಳಿ ಉಳಿದಿದ್ದ 1,106 ಎಕರೆಯನ್ನು ಗ್ರ್ಯಾಂಡ್ ಟೀಟನ್ ಉದ್ಯಾನಕ್ಕೆ ಕೊಡುವ ಸಂಕಲ್ಪವದು. ಈ ಬಾರಿ ಅವರು ಯಾವ ಹಕ್ಕನ್ನೂ ಉಳಿಸಿಕೊಳ್ಳಲಿಲ್ಲ. ಮರದ ದಿಮ್ಮಿಗಳ ಮನೆಗಳನ್ನು ಅಲ್ಲಿಂದ ತೆಗೆಸಿ, ರಸ್ತೆಗಳನ್ನು ಅಗೆಸಿ, ನೆಲವನ್ನು ಮೊದಲಿನಂತಾಗಿಸಿ ಕೊಡುವ ಏರ್ಪಾಡಾಯಿತು. 2007ರಲ್ಲಿ ಹಸ್ತಾಂತರ ನಡೆಯಿತು. ಜನಜಂಗುಳಿಯಾಗದಿರಲೆಂದು ವಾಹನ ನಿಲುಗಡೆಯ ಜಾಗವನ್ನೂ ಚಿಕ್ಕದಾಗಿಯೇ ಇಡಲಾಯಿತು. ಇಂದು ಅಲ್ಲಿಗೆ ಹೋದವರು ಕಾಲುದಾರಿಯಲ್ಲಿ ಫೆಲ್ಪ್ಸ್ ಸರೋವರದ ದಡಕ್ಕೆ ನಡೆಯುತ್ತಾರೆ.

ಒಬ್ಬರೇ ವ್ಯಕ್ತಿ, ಎರಡು ದಾನಗಳು. ಕನೀಲ್ ಬೇಯ ದಾನಪತ್ರದಲ್ಲಿ ಕೊನೆಯ ದಿನವಿತ್ತು. ಆ ದಿನದವರೆಗೆ ಕಟ್ಟಡವನ್ನು ಕಾಯುವವರು ಯಾರು, ಕೆಟ್ಟರೆ ಸರಿಪಡಿಸುವವರು ಯಾರು, ಅಲ್ಲಿ ದುಡಿಯುವವರ ಗತಿಯೇನು ಎಂಬುದಕ್ಕೆ ಗಟ್ಟಿ ವ್ಯವಸ್ಥೆಯಿರಲಿಲ್ಲ. ಜೆವೈ ರಾಂಚಿನ ವಿಷಯದಲ್ಲಿ ಆ ಪ್ರಶ್ನೆಗಳನ್ನು ಮುಂದಿನ ತಲೆಮಾರಿಗೆ ದಾಟಿಸದೆ ತಾವೇ ಇತ್ಯರ್ಥಗೊಳಿಸಿದರು. ಸಾರ್ವಜನಿಕ ನೆಲವನ್ನು ದೀರ್ಘಾವಧಿಗೆ ಖಾಸಗಿಯವರಿಗೆ ವಹಿಸುವ ಎಲ್ಲ ಸರ್ಕಾರಗಳೂ ಈ ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಗುತ್ತಿಗೆಯ ಮೊದಲ ವರ್ಷದ ಷರತ್ತುಗಳನ್ನು ಬರೆಯಲು ನಾವು ತೋರುವ ಜಾಣ್ಮೆಯನ್ನು ಅದರ ಕೊನೆಯ ಹತ್ತು ವರ್ಷಗಳ ಬಗ್ಗೆಯೂ ತೋರಬೇಕಾಗಿದೆ.