ಹಿಮಕುಸಿತದಿಂದ ಪಾರಾದ ಟಿಂಡಾಲ್

ಮಕ್ಕಳೇ, 2016ರಲ್ಲಿ ಸಿಯಾಚಿನ್ ಹಿಮಕುಸಿತಕ್ಕೆ ಸಿಲುಕಿದ ಯೋಧ ಹನುಮಂತಪ್ಪ ಕೊಪ್ಪದ ಅವರ ಹೆಸರು ಕೇಳಿದ್ದೀರಲ್ಲವೇ? ನಮ್ಮ ಮೈಸೂರು ಜಿಲ್ಲೆಯ ಯೋಧರೊಬ್ಬರೂ ಅಲ್ಲೇ ಮಡಿದರು. ಇಳಿಜಾರಿನ ಹಿಮರಾಶಿ ಒಮ್ಮೆಲೇ ಜಾರಿ ಬೀಳುವುದೇ ಹಿಮಕುಸಿತ. ಅದರಲ್ಲಿ ಸಿಕ್ಕಿಯೂ ಬದುಕಿದ ವಿಜ್ಞಾನಿ ಜಾನ್ ಟಿಂಡಾಲ್ (1820–1893).

ಐರ್ಲೆಂಡಿನಲ್ಲಿ ಹುಟ್ಟಿದ ಟಿಂಡಾಲ್ ಮೊದಲು ಭೂಮಾಪಕರಾಗಿದ್ದರು. ಜರ್ಮನಿಯಲ್ಲಿ ಓದಿ, ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. ನಿಮ್ಮ ತರಗತಿಯ ಕಿಟಕಿಯಿಂದ ಬರುವ ಬಿಸಿಲುಕೋಲಿನಲ್ಲಿ ದೂಳಿನ ಕಣಗಳು ಹೊಳೆಯುತ್ತವಲ್ಲ, ಅದೇ ಟಿಂಡಾಲ್ ಪರಿಣಾಮ!

ಹಿಮನದಿಗಳ ಅಧ್ಯಯನಕ್ಕೆಂದು ಆಲ್ಪ್ಸ್ ಪರ್ವತಗಳಿಗೆ ಹೋದವರಿಗೆ ಶಿಖರ ಏರುವ ಹುಚ್ಚು ಹಿಡಿಯಿತು. 1861ರಲ್ಲಿ ಮಾರ್ಗದರ್ಶಿ ಬೆನೆನ್ ಜೊತೆ ವೈಸ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದರು.

1864ರ ಫೆಬ್ರವರಿಯಲ್ಲಿ ಬೆನೆನ್ ಬೇರೆಯವರನ್ನು ಕರೆದುಕೊಂಡು ಇನ್ನೊಂದು ಪರ್ವತ ಹತ್ತುತ್ತಿದ್ದರು. ಹಿಮದ ಇಳಿಜಾರು ನೋಡಿ ಅವರಿಗೆ ಅನುಮಾನ ಬಂತು. ಭಯವಿಲ್ಲ ಎಂದರು ಊರಿನ ಮಾರ್ಗದರ್ಶಿಗಳು. ಹಿಮ ಪದರಪದರವಾಗಿ ಕೂತಿರುತ್ತದೆ. ಒಳಗಿನ ಪದರ ದುರ್ಬಲವಾಗಿದ್ದರೆ ಮೇಲೆ ನಡೆಯುವವರ ಭಾರವೇ ಸಾಕು, ಮೇಲಿನದು ಹಾಳೆಯಂತೆ ಹರಿದು ಜಾರುತ್ತದೆ. ಹಾಗೇ ಆಯಿತು. ಬೆನೆನ್ ಹಿಮದಡಿ ಸತ್ತರು. ಅನುಮಾನ ಬಂದಾಗಲೇ ಹಿಂತಿರುಗಬೇಕಿತ್ತು ಎಂದು ಕುಳಿತಲ್ಲೇ ಹೇಳುವುದು ನಮಗೆ ಸುಲಭ!

ಅದೇ ಜುಲೈನಲ್ಲಿ ಟಿಂಡಾಲ್ ಸರದಿ. ಮೊರ್ಟೆರಾಚ್ ಶಿಖರದಿಂದ ಐವರು ಒಂದೇ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಗಟ್ಟಿ ಮಂಜುಗಡ್ಡೆಯ ಮೇಲಿದ್ದ ಹಿಮ ಕಾಲಡಿಯಿಂದಲೇ ಜಾರಿತು. ಎಲ್ಲರೂ ಉರುಳಿದರು. ಮುಂದೆ ಪ್ರಪಾತ! ಮಾರ್ಗದರ್ಶಿ ಯೆನ್ನಿ ಕಾಲೂರಿ ಹೆಣಗಾಡಿ ತಡೆದರು. ಐವರೂ ಉಳಿದರು.

ಟಿಂಡಾಲರ ಗಡಿಯಾರ ಮಾತ್ರ ಕಳೆದುಹೋಗಿತ್ತು. ಕೆಲವು ವಾರಗಳ ನಂತರ ಅವರು ಅಲ್ಲಿಗೇ ಹೋಗಿ ಹುಡುಕಿದರು. ಹಿಮದ ಮೇಲೆ ಸಿಕ್ಕಿತು. ಕೀಲಿ ಕೊಟ್ಟರೆ, ಟಿಕ್ ಟಿಕ್ ಎಂದು ನಡೆಯಿತು!