ಜಾನ್ ಮ್ಯಾಕ್‌ಗ್ರೆಗರ್

ಜಾನ್ ಮ್ಯಾಕ್‌ಗ್ರೆಗರ್ (ಜನವರಿ 24, 1825 – ಜುಲೈ 16, 1892) ಬ್ರಿಟನ್ನಿನ ನ್ಯಾಯವಾದಿ, ಪ್ರವಾಸ ಲೇಖಕ ಹಾಗೂ ಸಮಾಜಸೇವಕ. ಪುಟ್ಟ ದೋಣಿಯಲ್ಲಿ ಒಬ್ಬಂಟಿಯಾಗಿ ಹುಟ್ಟುಹಾಕುತ್ತ ಯುರೋಪು ಹಾಗೂ ಪಶ್ಚಿಮ ಏಷ್ಯಾದ ನದಿ, ಸರೋವರಗಳಲ್ಲಿ ಸಂಚರಿಸಿದ ಇವರು ಕೆನೋಯಿಂಗ್ ಕ್ರೀಡೆಯನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು.

ಜನನ ಮತ್ತು ಬಾಲ್ಯ

ಇವರು ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ಜನಿಸಿದರು. ತಂದೆ ಡಂಕನ್ ಮ್ಯಾಕ್‌ಗ್ರೆಗರ್ ಸೇನಾಧಿಕಾರಿ. ಮಗುವಿಗೆ ಐದು ವಾರ ತುಂಬಿದ್ದಾಗ ಕುಟುಂಬವು ಈಸ್ಟ್ ಇಂಡಿಯಾ ಕಂಪನಿಯ 'ಕೆಂಟ್' ಹಡಗಿನಲ್ಲಿ ಭಾರತಕ್ಕೆ ಹೊರಟಿತ್ತು. 1825ರ ಮಾರ್ಚ್ 1ರಂದು ಬಿಸ್ಕೆ ಕೊಲ್ಲಿಯ ಬಿರುಗಾಳಿಯ ನಡುವೆ ಹಡಗಿಗೆ ಬೆಂಕಿ ಬಿದ್ದಿತು. ಸಮೀಪದಲ್ಲಿದ್ದ 'ಕೇಂಬ್ರಿಯಾ' ಎಂಬ ಚಿಕ್ಕ ನೌಕೆ ಐನೂರಕ್ಕೂ ಹೆಚ್ಚು ಮಂದಿಯನ್ನು ರಕ್ಷಿಸಿತು. ಎಂಬತ್ತಕ್ಕೂ ಹೆಚ್ಚು ಜನರು ಮಡಿದರು. ಬದುಕುಳಿದವರಲ್ಲಿ ಈ ಹಸುಗೂಸೂ ಒಂದು.

ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ನ್ಯಾಯವಾದಿಯಾದ ಇವರು ಲಂಡನ್ನಿನ ಬಡಮಕ್ಕಳ ಶಿಕ್ಷಣಕ್ಕಾಗಿ ಶ್ರಮಿಸಿದರು. 1851ರಲ್ಲಿ ಬೀದಿಮಕ್ಕಳಿಗೆ ಪಾದರಕ್ಷೆ ಹೊಳಪಿಸುವ ಉದ್ಯೋಗ ಕಲ್ಪಿಸಿದ ದಳದ ಸ್ಥಾಪನೆಯಲ್ಲಿ ಪಾಲ್ಗೊಂಡರು.

'ರಾಬ್ ರಾಯ್' ದೋಣಿ

ಉತ್ತರ ಅಮೆರಿಕದ ಪ್ರವಾಸದಲ್ಲಿ ಮೂಲನಿವಾಸಿಗಳ ದೋಣಿಗಳನ್ನು ಕಂಡಿದ್ದ ಇವರು 1865ರಲ್ಲಿ ಲಂಡನ್ನಿನಲ್ಲಿ ತಮಗೊಪ್ಪುವ ದೋಣಿಯನ್ನು ಕಟ್ಟಿಸಿದರು. ಓಕ್ ಮರದ ಈ ದೋಣಿಗೆ 15 ಅಡಿ ಉದ್ದವೂ 9 ಅಂಗುಲ ಆಳವೂ ಇದ್ದು, ತೂಕ 80 ಪೌಂಡುಗಳಷ್ಟಿತ್ತು. ಮೇಲ್ಭಾಗವನ್ನು ಸೀಡರ್ ಹಲಗೆಯಿಂದ ಮುಚ್ಚಿದ್ದರಿಂದ ಸರೋವರದ ಅಲೆಗಳು ಒಳನುಗ್ಗುತ್ತಿರಲಿಲ್ಲ. ಹುಟ್ಟಿನ ಎರಡೂ ತುದಿಗಳಲ್ಲಿ ಅಲಗುಗಳಿದ್ದವು. ಸಾಮಾನ್ಯ ದೋಣಿಯಲ್ಲಿ ಹುಟ್ಟುಹಾಕುವವನು ಹಿಮ್ಮುಖವಾಗಿ ಕುಳಿತಿರುತ್ತಾನೆ. ಇದರಲ್ಲಿ ಮುಂದಿನ ದಾರಿ ಕಣ್ಣೆದುರೇ ಇರುತ್ತಿತ್ತು. ಸ್ಕಾಟ್ಲೆಂಡಿನ ಮ್ಯಾಕ್‌ಗ್ರೆಗರ್ ವಂಶದ ಹೆಸರಾಂತ ರಾಬ್ ರಾಯ್‌ನ ಹೆಸರನ್ನೇ ದೋಣಿಗೆ ಇಟ್ಟರು.

ಏಕಾಂಗಿ ಯಾನಗಳು

ಅದೇ ವರ್ಷ ರೈನ್, ಡ್ಯಾನ್ಯೂಬ್ ಮೊದಲಾದ ನದಿಗಳಲ್ಲಿಯೂ ಕಾನ್‌ಸ್ಟನ್ಸ್, ಜ್ಯೂರಿಕ್, ಲೂಸರ್ನ್ ಸರೋವರಗಳಲ್ಲಿಯೂ ಸಂಚರಿಸಿದರು. ಒಂದು ಜಲಮಾರ್ಗದಿಂದ ಮತ್ತೊಂದಕ್ಕೆ ದೋಣಿಯನ್ನು ರೈಲಿನಲ್ಲಿಯೋ ಗಾಡಿಯಲ್ಲಿಯೋ ಸಾಗಿಸುತ್ತಿದ್ದರು. 1866ರಲ್ಲಿ ಪ್ರಕಟವಾದ 'ಎ ಥೌಸಂಡ್ ಮೈಲ್ಸ್ ಇನ್ ದ ರಾಬ್ ರಾಯ್ ಕೆನೂ' ಕೃತಿಯು ಇವರಿಗೆ ಅಪಾರ ಖ್ಯಾತಿ ತಂದಿತು. ಅದೇ ವರ್ಷ ಇವರು ಸ್ಥಾಪಿಸಿದ ಕೆನೂ ಕ್ಲಬ್ ಮುಂದೆ ರಾಯಲ್ ಕೆನೂ ಕ್ಲಬ್ ಎನಿಸಿತು. ಅನಂತರ ಸ್ಕ್ಯಾಂಡಿನೇವಿಯಾದಲ್ಲಿಯೂ ಯಾನ ಕೈಗೊಂಡರು.

1868–69ರಲ್ಲಿ ಒಳಗೇ ಮಲಗಬಹುದಾದ ಹೊಸ ದೋಣಿಯೊಂದಿಗೆ ಈಜಿಪ್ಟ್, ಸಿರಿಯಾ ಹಾಗೂ ಪ್ಯಾಲೆಸ್ಟೈನ್‌ಗಳಿಗೆ ತೆರಳಿದರು. ಜೋರ್ಡಾನ್ ನದಿಯ ಹೂಲಾ ಪ್ರದೇಶದಲ್ಲಿ ಸ್ಥಳೀಯ ಅರಬರು ಇವರನ್ನು ಸೆರೆಹಿಡಿದು, ದೋಣಿಸಹಿತ ಹೊತ್ತು ತಮ್ಮ ಮುಖಂಡನ ಬಳಿಗೆ ಒಯ್ದರು. ಮ್ಯಾಕ್‌ಗ್ರೆಗರ್ ನೀಡಿದ ಬಿಳಿಯ ಪುಡಿಯನ್ನು ಮುಖಂಡನು ಸಕ್ಕರೆಯೆಂದು ಭಾವಿಸಿ ಬಾಯಿಗೆ ಹಾಕಿಕೊಂಡನು. ಅದು ಉಪ್ಪಾಗಿತ್ತು! ಉಪ್ಪು ಹಂಚಿಕೊಂಡವನಿಗೆ ಕೇಡೆಣಿಸಬಾರದೆಂಬುದು ಅಲ್ಲಿಯ ಸಂಪ್ರದಾಯ. ಬಿಡುಗಡೆಯಾದ ಬಳಿಕ ಗಲಿಲಿ ಸರೋವರದಲ್ಲಿ ಸಂಚರಿಸಿ ಅದರ ದಡಗಳನ್ನು ಪರಿಶೀಲಿಸಿದರು. ಇವರು ಕಂಡ ಹೂಲಾ ಸರೋವರದ ಬಹುಭಾಗವನ್ನು 1950ರ ದಶಕದಲ್ಲಿ ಬರಿದುಮಾಡಲಾಗಿದ್ದು, ಆ ಯಾನದ ವರ್ಣನೆಗೆ ಇಂದು ಐತಿಹಾಸಿಕ ಮಹತ್ವವಿದೆ.

ಕೊಡುಗೆ

ಮ್ಯಾಕ್‌ಗ್ರೆಗರ್ ತಮ್ಮ ಮೊದಲ ಯಾನದ ಪುಸ್ತಕದಿಂದ ಬಂದ ಲಾಭವನ್ನು ಸಮುದ್ರದಲ್ಲಿ ಜೀವರಕ್ಷಣೆ ಮಾಡುವ ಲೈಫ್‌ಬೋಟ್ ಸಂಸ್ಥೆಗೂ ಹಡಗು ಒಡೆದು ನಿರಾಶ್ರಿತರಾದ ನಾವಿಕರ ಸಂಘಕ್ಕೂ ಮೀಸಲಿಟ್ಟರು. ಉಪನ್ಯಾಸಗಳ ಆದಾಯವೂ ದತ್ತಿಕಾರ್ಯಗಳಿಗೆ ಸಂದಿತು. ಶೈಶವದಲ್ಲಿ ಪರರ ನೌಕೆಯಿಂದ ಜೀವ ಉಳಿಸಿಕೊಂಡವರು ತಮ್ಮ ಪುಟ್ಟ ದೋಣಿಯ ಗಳಿಕೆಯನ್ನು ಪರರ ಜೀವರಕ್ಷಣೆಗೆ ವಿನಿಯೋಗಿಸಿದರು. ಇವರು 1892ರಲ್ಲಿ ಬೋರ್ನ್‌ಮತ್‌ನಲ್ಲಿ ನಿಧನರಾದರು.