ಹುಲಿಕೆರೆ ಸುರಂಗದ ಮುಂದೆ ಕೇಳಿದ ಪ್ರಶ್ನೆ

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ನಮ್ಮ ಶಾಲೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಭಾಷಣ ಮಾಡಿ, ಸಿಹಿ ಹಂಚುತ್ತೇವೆ. ಗಣಿತ ಶಿಕ್ಷಕನಾಗಿ ಆ ಭಾಷಣ ಬಹಳ ಸಲ ನನ್ನ ಪಾಲಿಗೇ ಬಂದಿದೆ. ಆದರೆ ಅವರ ಬದುಕು ನನಗೆ ಸರಿಯಾಗಿ ಅರ್ಥವಾದದ್ದು ಹತ್ತನೇ ತರಗತಿಯ ಮಕ್ಕಳೊಂದಿಗೆ ಹೋದ ಒಂದು ಪ್ರವಾಸದಲ್ಲಿ.

ಕೃಷ್ಣರಾಜಸಾಗರ ನೋಡಿಕೊಂಡು ನಾವು ಹುಲಿಕೆರೆಗೆ ಹೋದೆವು. ಅಣೆಕಟ್ಟೆಯ ಎಡದಂಡೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಅಲ್ಲಿ ನೆಲದೊಳಗೆ ಇಳಿದು, ಸುಮಾರು 2.8 ಕಿಲೋಮೀಟರ್ ಸುರಂಗದಲ್ಲಿ ಹರಿದು ಮಂಡ್ಯದ ಕಡೆಯ ಬಯಲಿಗೆ ಹೊರಬರುತ್ತದೆ. ದಿಣ್ಣೆ ಅಡ್ಡವಿರುವಾಗ ನೀರನ್ನು ಆಚೆ ದಾಟಿಸಲು ಇದ್ದ ದಾರಿ ಬಂಡೆ ಕೊರೆಯುವುದು. ಕತ್ತಲೊಳಗೆ ನುಗ್ಗುವ ನೀರನ್ನು ನೋಡುತ್ತಾ ನಿಂತಿದ್ದ ಒಬ್ಬ ಹುಡುಗಿ, ಇದನ್ನು ಕೊರೆದವರ ಹೆಸರು ಎಲ್ಲಿ ಬರೆದಿದೆ ಎಂದು ಕೇಳಿದಳು. ಅವಳ ತಂದೆ ಪೀಣ್ಯದಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಹತ್ತನೇ ತರಗತಿ ಮುಗಿದ ಮೇಲೆ ಅವಳನ್ನು ಗಾರ್ಮೆಂಟ್ಸ್‌ಗೆ ಕಳಿಸುವ ಮಾತು ಮನೆಯಲ್ಲಿ ನಡೆದಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಗೊತ್ತಿದ್ದಷ್ಟನ್ನು ಹೇಳಿದೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಆ ಹಣ ಪ್ರಜೆಗಳ ಕಂದಾಯದಿಂದ ಬಂದದ್ದು.

ಮುಂಬೈ ಪ್ರಾಂತ್ಯದ ಸೇವೆಯಲ್ಲಿದ್ದಾಗ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ನಾಲೆಯ ನೀರು ಕೆಲವೇ ಹೊಲಗಳ ಪಾಲಾಗದೆ, ಹಲವು ಹಳ್ಳಿಗಳಿಗೆ ಸರದಿಯಂತೆ ಸಿಗಬೇಕೆಂದು ಬ್ಲಾಕ್ ಪದ್ಧತಿಯನ್ನು ತಂದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು.

ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು. ಮದರಾಸು ಸರ್ಕಾರ ಆಕ್ಷೇಪಿಸಿದ್ದರಿಂದ ಮೊದಲು ಕಡಿಮೆ ಎತ್ತರಕ್ಕಷ್ಟೇ ಒಪ್ಪಿಗೆ ಸಿಕ್ಕಿತು. ಆದರೂ ಮುಂದೆ ಎತ್ತರಿಸಲು ಬರುವಂತೆ ಅಡಿಪಾಯವನ್ನು ಅಗಲವಾಗಿಯೇ ಹಾಕಿಸಿದರು. ಸಿಮೆಂಟಿನ ಬದಲು ಸುರಕಿ ಗಾರೆಯಲ್ಲಿ ಕಲ್ಲು ಕಟ್ಟಲಾಯಿತು. 1924ರ ಒಪ್ಪಂದದ ನಂತರ ಸಾಗರದ ನೀರಿನಲ್ಲಿ 1,25,000 ಎಕರೆ ಹೊಸ ನೀರಾವರಿಗೆ ದಾರಿಯಾಯಿತು. ಸುರಂಗವೂ ನಾಲೆಯೂ ಸಿದ್ಧವಾದದ್ದು ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ. ಆಗ ವೈಸ್‌ರಾಯ್ ಹೆಸರಿನಲ್ಲಿ ಅದು ಇರ್ವಿನ್ ನಾಲೆಯಾಗಿತ್ತು. ವಿಶ್ವೇಶ್ವರಯ್ಯನವರ ಹೆಸರು ಬಂದದ್ದು ಆಮೇಲೆ. ಮಳೆಯನ್ನೇ ನಂಬಿದ್ದ ಮಂಡ್ಯದ ನೆಲದಲ್ಲಿ ಭತ್ತ, ಕಬ್ಬು ಬೆಳೆದವು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

ಇದರ ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಿದೆ. ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಬೇರೆ ಹಳ್ಳಿಗಳೂ ಮುಳುಗಿದವು. ಜನ ಮನೆ, ಹೊಲ, ದೇವಸ್ಥಾನ ಬಿಟ್ಟು ಎದ್ದು ಹೋದರು. ಬಂಡೆ ಒಡೆದವರು, ಗಾರೆ ಅರೆದವರು, ಕಲ್ಲು ಹೊತ್ತವರು ಸಾವಿರಾರು ಮಂದಿ. ಅವರ ಹೆಸರುಗಳನ್ನು ನಮ್ಮ ಪಾಠಪುಸ್ತಕಗಳಲ್ಲಿ ನಾನು ಕಂಡಿಲ್ಲ. ಕಾವೇರಿಯ ನೀರು ಕುಡಿಯುವ ಬೆಂಗಳೂರಿನ ನಾವೆಲ್ಲ ಅವರಿಗೂ ಋಣಿಗಳು.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಕ್ಕಳಿಗೆ ನಾನು ಕೊನೆಗೆ ಹೇಳಿದ್ದಿಷ್ಟು: ತಂದೆಯಿಲ್ಲದ ಆ ಹುಡುಗನಿಗೆ ವಿದ್ಯಾರ್ಥಿವೇತನ ಸಿಗದೇ ಹೋಗಿದ್ದರೆ ಪುಣೆಯ ದಾರಿ ತೆರೆಯುತ್ತಿರಲಿಲ್ಲ.

ಮುಂದಿನ ವಾರ ಆ ಹುಡುಗಿಯ ಮನೆಗೆ ಹೋದೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಅವಳ ತಂದೆಯ ಎದುರಿಗೇ ತುಂಬಿದೆವು. ಅವಳು ಪಾಲಿಟೆಕ್ನಿಕ್ ಸೇರಿ ಸಿವಿಲ್ ಡಿಪ್ಲೊಮಾ ಮುಗಿಸಿದಳು. ಈಗ ಸೆಪ್ಟೆಂಬರ್ 15ರ ಭಾಷಣ ಕಿರಿದಾಗಿದೆ. ಹೂಮಾಲೆ ಹಾಕಿದ ಮೇಲೆ ಅರ್ಜಿ ನಮೂನೆಗಳನ್ನು ಹಂಚಿ, ಮಕ್ಕಳೊಂದಿಗೆ ಕುಳಿತು ತುಂಬಿಸುತ್ತೇವೆ.